ಮದ್ದಿನ ಪುಡಿಯೂ ಮೇಸ್ತ್ರಿ ಗ್ರಂಥಿಯೂ



ಕಳಸ, ಮೂಡಿಗೆರೆ ಸೀಮೆಯಲ್ಲಿ ಮಳೆಗಾಲ ಹತ್ತಿರ ಬಂತೆಂದರೆ ಮದ್ದು ಹೊಡೆಯುವ ಚಿಂತೆ ಶುರು. ಕಾಫಿ ಎಲೆ ಕೊಳೆತು ಬೂಷ್ಟಿನ ಎಳೆಯಲ್ಲಿ ಜೋತಾಡುವ ಕೊಳೆರೋಗ ನಿಮಗೆ ಹೊಸದಲ್ಲ. 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ಈ ಬೂಷ್ಟಿಗೆ ಶಾಸ್ತ್ರೀಯ ಹೆಸರಿಡುವಾಗ ನಮ್ಮ 'ಕೊಳೆರೋಗ' ಎಂಬ ಮಾತನ್ನೇ ಸೇರಿಸಿದನು. 1885ರಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಹೆಸರಾದ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣವು ಮುಂದೆ ನಮ್ಮ ತೋಟಗಳಿಗೂ ಬಂತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಜಿನೆಬ್, 1960ರ ದಶಕದಲ್ಲಿ ಮ್ಯಾಂಕೋಜೆಬ್ ಎಂಬ ಪುಡಿಗಳು ಹುಟ್ಟಿದವು. ಆಲೂಗೆಡ್ಡೆ, ಟೊಮೆಟೊ ಬೆಳೆಗಾರರಿಗೆ ಇವು ಬಹಳ ಅನುಕೂಲವಾದವು. ಸುಣ್ಣ ಸೋಸುವ ಕೆಲಸವಿಲ್ಲ, ನೀರಿಗೆ ಕಲಸಿದರೆ ಸಾಕು. ಮೈಮೇಲೆ ಬಿದ್ದರೂ ಕೂಡಲೇ ತಲೆ ಸುತ್ತುವುದಿಲ್ಲ. "ಇದೇನು ಮಾಡ್ತದೆ ಬಿಡಿ ಸಾರ್" ಅಂತ ಬರಿಗೈಲೇ ಕಲಸುವವರನ್ನು ನಾನೇ ನೋಡಿದ್ದೇನೆ.

ಆದರೆ ಬಿಸಿಗೂ ತೇವಕ್ಕೂ ಈ ಪುಡಿ ಒಡೆದು ಎಥಿಲೀನ್ ಥಯೋಯೂರಿಯಾ ಎಂಬ ವಸ್ತು ಆಗುತ್ತದೆ. ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದವರು ಇದನ್ನು ಎರಡು ವರ್ಷ ಇಲಿಗಳ ಆಹಾರದಲ್ಲಿ ಬೆರೆಸಿ ತಿನ್ನಿಸಿ, 1992ರಲ್ಲಿ ವರದಿ ಕೊಟ್ಟರು. ಚಿಕ್ಕ ಇಲಿಗಳಲ್ಲಿ ಥೈರಾಯ್ಡ್ ಮತ್ತು ಯಕೃತ್ತಿನ ಜೊತೆಗೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲೂ ಗಡ್ಡೆಗಳು ಹೆಚ್ಚಿದ್ದವು.

ಇದು ಹೇಗಾಯಿತು? ತೋಟಕ್ಕೆ ಮೇಸ್ತ್ರಿ ಹೇಗೋ, ದೇಹಕ್ಕೆ ಪಿಟ್ಯುಟರಿ ಹಾಗೆ. ಕುತ್ತಿಗೆಯಲ್ಲಿರುವ ಥೈರಾಯ್ಡ್ ಅದರ ಆಳು. ಈ ರಾಸಾಯನಿಕ ಆಳಿನ ಕೈ ಕಟ್ಟುತ್ತದೆ, ಕೆಲಸ ನಿಲ್ಲುತ್ತದೆ. ಮೇಸ್ತ್ರಿ ಇನ್ನೂ ಜೋರಾಗಿ ಕೂಗುತ್ತಾನೆ. ಕೂಗಿ ಕೂಗಿ ಆಳೂ ಊದುತ್ತಾನೆ, ಮೇಸ್ತ್ರಿಯೂ ಊದುತ್ತಾನೆ.

ಹಾಗೆಂದು ಗಾಬರಿ ಬೇಡ. ಇಲಿಗೆ ಕೊಟ್ಟ ಅತಿ ಹೆಚ್ಚಿನ ಪ್ರಮಾಣ ಕಿಲೋ ಆಹಾರಕ್ಕೆ ಒಂದು ಗ್ರಾಮು. ನಮ್ಮ ಊಟದಲ್ಲಿ ಅಷ್ಟು ಸೇರುವುದಿಲ್ಲ. ಮನುಷ್ಯರಿಗೆ ಇದರಿಂದ ಗಡ್ಡೆ ಬಂದೇ ಬರುತ್ತದೆಂದು ಯಾರೂ ಸಾಧಿಸಿಲ್ಲ. ಆದರೆ 1997ರಲ್ಲಿ ಪ್ರಕಟವಾದ ಮೆಕ್ಸಿಕೋ ದೇಶದ ಅಧ್ಯಯನವೊಂದನ್ನು ಕೇಳಿ. ಬೆನ್ನಿಗೆ ಪಂಪು ಹೊತ್ತು ಇದೇ ಜಾತಿಯ ಮದ್ದು ಹೊಡೆಯುವವರ ರಕ್ತದಲ್ಲಿ ಮೇಸ್ತ್ರಿಯ ಕೂಗು, ಅಂದರೆ ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನು, ಏರಿತ್ತು. 2020ರಲ್ಲಿ ಐರೋಪ್ಯ ಒಕ್ಕೂಟ ಮ್ಯಾಂಕೋಜೆಬ್ ಪರವಾನಗಿಯನ್ನು ನವೀಕರಿಸಲಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕೇಂದ್ರ ಸರ್ಕಾರ ನಿಷೇಧಕ್ಕೆಂದು ಹೊರಡಿಸಿದ 27 ಔಷಧಿಗಳ ಕರಡಿನಲ್ಲೂ ಈ ಎರಡೂ ಹೆಸರುಗಳಿದ್ದವು.

ಆದ್ದರಿಂದ ನೆನಪಿಡಿ: ಒಡೆದ ಪೊಟ್ಟಣವನ್ನು ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲ ಕಳೆಯಲು ಬಿಡಬೇಡಿ. ಬೇಕಾದಷ್ಟನ್ನೇ ತನ್ನಿ. ಕೋಲಿನಿಂದ ಕಲಸಿ, ಕೈಗೆ ರಬ್ಬರ್ ಗವಸು ಹಾಕಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಬೇಯಿಸಿದರೆ ಮದ್ದು ಹೋಗುತ್ತದೆಂಬುದು ತಪ್ಪು. ಬೇಯುವಾಗಲೇ ಅದು ಈ ಹೊಸ ವಸ್ತುವಾಗಿ ಮಾರ್ಪಡುತ್ತದೆ. ತರಕಾರಿಯನ್ನು ಮೊದಲು ಚೆನ್ನಾಗಿ ತೊಳೆಯಿರಿ.

ಗಿಡದ ರೋಗಕ್ಕೆ ಮದ್ದು ಬೇಕು, ನಿಜ. ಪಂಪು ಹೊರುವ ಬೆನ್ನು ನಿಮ್ಮದಿರಲಿ, ನಿಮ್ಮ ಆಳಿನದಿರಲಿ, ಅದನ್ನು ಕಾಯುವ ಹೊಣೆ ತೋಟದ ಯಜಮಾನರಾದ ನಿಮ್ಮದೇ.