ಘಾಟಿ ಇಳಿಯುವ ಗೂಡ್ಸ್ ಗಾಡಿಗೆ ಯಾಕಿಷ್ಟು ನಿಧಾನ?

ಒಂದು ಮಳೆಗಾಲದಲ್ಲಿ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ನಮ್ಮ ರೈಲು ನಿಂತೇ ಬಿಟ್ಟಿತ್ತು. ಮೇಲಿಂದ ಗೂಡ್ಸ್ ಇಳಿದು ಬರಬೇಕಂತೆ. ಸಿಂಗಲ್ ಲೈನ್ ನೋಡಿ, ಅದು ಬರೋವರೆಗೂ ನಾವು ಅಲ್ಲಾಡೋ ಹಾಗಿಲ್ಲ. ಪಕ್ಕದ ಅಜ್ಜ, "ಸೈಕಲ್ಲಲ್ಲಿ ಹೊರಟಿದ್ರೂ ಮುಟ್ತಿದ್ದೆ" ಅಂತ ಗೊಣಗಿದರು. ನಾನೂ ನಕ್ಕೆ. ಆಮೇಲೆ ಈ ಹಳಿಯ ಕತೆ ಓದುತ್ತಾ ಹೋದಾಗ ಆ ನಗು ಸ್ವಲ್ಪ ಅವಸರದ್ದು ಅನ್ನಿಸಿತು.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಅದರಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ.ಯೇ ಅಸಲಿ ಪರೀಕ್ಷೆ. 50ಕ್ಕೂ ಹೆಚ್ಚು ಸುರಂಗ, 100ಕ್ಕೂ ಮಿಕ್ಕಿ ಸೇತುವೆ. ಇಳಿಜಾರು 50ಕ್ಕೆ 1, ಅಂದ್ರೆ 50 ಮೀಟರ್ ಹೋದರೆ ಒಂದು ಮೀಟರ್ ಕೆಳಗೆ. ರಸ್ತೆಗೆ ಇದು ಲೆಕ್ಕಕ್ಕೇ ಇಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉರುಳುವಾಗ, ಹಿಂದೆ ಸಾವಿರಾರು ಟನ್ ಒತ್ತುತ್ತಿರುವಾಗ, ವೇಗ ಒಮ್ಮೆ ಕೈ ಮೀರಿದರೆ ಬ್ರೇಕ್ ಕಾದು ಹಿಡಿತ ಬಿಡುತ್ತೆ. ಅದಕ್ಕೇ ಗಂಟೆಗೆ 30 ಕಿ.ಮೀ. ಮಿತಿ. ಏರುವಾಗಲೂ ಸುಖವಿಲ್ಲ, ಹೆಚ್ಚುವರಿ ಎಂಜಿನ್ ಹಚ್ಚಿ ತಳ್ಳಬೇಕು.

1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ಘಾಟಿ ಮಾರ್ಗ ಮುಚ್ಚಿದರು. ಕರಾವಳಿಯವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಬೆಂಗಳೂರಿಗೆ ಬಸ್ಸೇ ಹತ್ತಬೇಕಾಯಿತು. ಹೊಸ ಹಳಿಯ ಮೇಲೆ 2006ರ ಮೇ ತಿಂಗಳಲ್ಲಿ ಮೊದಲು ಓಡಿದ್ದು ಗೂಡ್ಸ್. ಜನರ ಸರದಿ ಬಂದದ್ದು 2007ರ ಡಿಸೆಂಬರ್ 8ಕ್ಕೆ! "ಅದಿರಿಗೆ ದಾರಿ ಉಂಟು, ಮನುಷ್ಯರಿಗಿಲ್ಲ" ಅನ್ನೋ ಸಿಟ್ಟು ನ್ಯಾಯವಾದದ್ದೇ. ಆದರೆ ಪ್ರಯಾಣಿಕರ ಗಾಡಿಗೆ ರೈಲ್ವೆ ಸುರಕ್ಷತಾ ಆಯುಕ್ತರ ಒಪ್ಪಿಗೆ ಬೇಕೇ ಬೇಕು. ಹೊಸ ಜಲ್ಲಿಯೂ ಗಾಡಿಗಳ ಭಾರ ಬಿದ್ದು ಬಿದ್ದೇ ಗಟ್ಟಿಯಾಗಬೇಕು. ಹಾಗಿದ್ದೂ ಒಂದೂವರೆ ವರ್ಷ ನನಗಂತೂ ಜಾಸ್ತಿಯೇ ಅನ್ನಿಸುತ್ತೆ.

ಮಳೆಯಂತೂ ಯಾವ ಗೇಜಿನ ಮಾತೂ ಕೇಳೋದಿಲ್ಲ. ಕೆಸರು ಜಲ್ಲಿಯೊಳಗೆ ಇಳಿದರೆ ನೀರು ಬಸಿಯೋದಿಲ್ಲ, ಸ್ಲೀಪರ್ ಗಾಡಿಯ ಭಾರಕ್ಕೆ ಕುಸಿದು ಏಳುತ್ತಾ ಹೋಗುತ್ತೆ. 2018ರಲ್ಲಿ ಗುಡ್ಡ ಜರಿಯಿತು. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ದುರಸ್ತಿಯಾದ ಮೇಲೆ ಆಗಲೂ ಮೊದಲು ಹೋದದ್ದು ಗೂಡ್ಸ್, ಅದೂ ತೆವಳಿಕೊಂಡು.

ಅವತ್ತು ಕೊನೆಗೂ ಆ ಗೂಡ್ಸ್ ಬಂತು. ಬ್ರೇಕಿನ ಸುಟ್ಟ ವಾಸನೆ ಕಿಟಕಿಯೊಳಗೂ ಬಂತು. ಅಜ್ಜ ಮೂಗು ಮುಚ್ಚಿಕೊಂಡು ಡಬ್ಬಿ ಎಣಿಸುತ್ತಾ ಕೂತರು.