ನೋವಿಗೆ ಎಣ್ಣೆ: ಭಂಗಿ ಸೊಪ್ಪಿನ ವೈದ್ಯ ಚರಿತ್ರೆ

ಮಂಡಿ ಹಿಡಿದುಕೊಂಡಿತೆ? ಸೊಂಟ ಉಳುಕಿತೆ? ಚಾಮರಾಜನಗರ, ಗುಂಡ್ಲುಪೇಟೆ ಸುತ್ತಿನ ಮನೆಗಳಲ್ಲಿ ಇದಕ್ಕೆ ಮೊದಲ ಉತ್ತರ ಎಣ್ಣೆ. ಹರಳೆಣ್ಣೆಯನ್ನು ಬೆಚ್ಚಗೆ ಮಾಡಿ ತಿಕ್ಕುವುದು, ಲಕ್ಕಿ ಸೊಪ್ಪನ್ನು ಎಳ್ಳೆಣ್ಣೆಯಲ್ಲಿ ಕಾಯಿಸಿ ಹಚ್ಚುವುದು, ಕರ್ಪೂರ ಬೆರೆಸಿ ನೀವುವುದು, ಏನೂ ಇಲ್ಲದಿದ್ದರೆ ಬಂಡೀಪುರ ದಾಟಿ ಊಟಿಗೆ ಹೋದವರು ತಂದ ನೀಲಗಿರಿ ಎಣ್ಣೆಯ ಸೀಸೆಯನ್ನು ಹುಡುಕುವುದು. ಇದೇ ಜಿಲ್ಲೆಯಿಂದ ಆಗಾಗ ಇನ್ನೊಂದು ಬಗೆಯ ಸುದ್ದಿಯೂ ಬರುತ್ತದೆ. ಅರಿಸಿನ, ಕಬ್ಬು, ಮುಸುಕಿನ ಜೋಳದ ಸಾಲುಗಳ ನಡುವೆ ಬೆಳೆಸಿದ್ದ ಗಾಂಜಾ ಗಿಡಗಳನ್ನು ಪೊಲೀಸರು ಕಿತ್ತರು, ರೈತನನ್ನು ಬಂಧಿಸಿದರು ಎಂಬ ಸುದ್ದಿ.

ಈಗ ಈ ಎರಡೂ ಸಂಗತಿಗಳು ಒಂದೇ ಸೀಸೆಯೊಳಗೆ ಸೇರತೊಡಗಿವೆ. ಗಾಂಜಾದಿಂದ ಮಾಡಿದ ಎಣ್ಣೆ, ಮುಲಾಮುಗಳು ನೋವು ಕಳೆಯುತ್ತವೆ, ಮನೆಯಲ್ಲೇ ಕಾಯಿಸಿಕೊಳ್ಳಬಹುದು ಎಂಬ ಮಾತು ಹರಡುತ್ತಿದೆ. ವಿದ್ಯಾರ್ಥಿಗಳು ಶಿಕ್ಷಕರನ್ನು ಕೇಳುತ್ತಾರೆ: "ಇದು ನಿಜವೆ ಸಾರ್?" ಒಂದೇ ಮಾತಿನಲ್ಲಿ ಹೌದು ಎಂದರೂ ತಪ್ಪಾದೀತು, ಅಲ್ಲ ಎಂದರೂ ತಪ್ಪಾದೀತು. ಸರಿಯಾದ ಉತ್ತರಕ್ಕೆ ಸ್ವಲ್ಪ ಚರಿತ್ರೆ, ಸ್ವಲ್ಪ ರಸಾಯನ ವಿಜ್ಞಾನ ಬೇಕು.

ವಿಜಯಾ ಎಂಬ ಗಿಡ

ಭಂಗಿ, ಗಾಂಜಾ, ಚರಸ್ ಮೂರೂ ಒಂದೇ ಗಿಡದ ಕೊಡುಗೆಗಳು. ಗಿಡದ ವೈಜ್ಞಾನಿಕ ಹೆಸರು ಕ್ಯಾನಬಿಸ್ ಸಟೈವ. ಎಲೆ ಭಂಗಿ, ಹೆಣ್ಣು ಗಿಡದ ಹೂತುದಿ ಗಾಂಜಾ, ಅಂಟು ಚರಸ್. ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಹೆಸರೂ ಉಂಟು. (ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ, ಅಲ್ಲಿ ವಿಜಯನಾರಾಯಣನ ಗುಡಿಯೂ ಇದೆ. ಆದರೆ ಆ ವಿಜಯಕ್ಕೂ ಈ ವಿಜಯೆಗೂ ಸಂಬಂಧ ಹುಡುಕಬೇಕಾಗಿಲ್ಲ!) ಮಧ್ಯಯುಗದ ಶಾರ್ಙ್ಗಧರ ಸಂಹಿತೆಯು ದೇಹದಲ್ಲಿ ಬೇಗ ವ್ಯಾಪಿಸುವ ದ್ರವ್ಯಗಳಿಗೆ ಭಂಗಿ ಮತ್ತು ಅಫೀಮನ್ನು ಉದಾಹರಣೆಯಾಗಿ ಕೊಡುತ್ತದೆ. ವೈದ್ಯರು ಇದನ್ನು ಹಾಗೆಯೇ ಬಳಸುತ್ತಿರಲಿಲ್ಲ, ಮೊದಲು ಶೋಧನೆ ಮಾಡಬೇಕೆಂಬ ನಿಯಮವಿತ್ತು. ಇದು ಮದ್ದೂ ಹೌದು, ವಿಷವೂ ಹೌದು ಎಂಬ ಅರಿವು ಆಗಲೇ ಇತ್ತೆಂಬುದನ್ನು ಇದು ತೋರಿಸುತ್ತದೆ.

ಬಾಣಲೆಯಲ್ಲಿ ನಡೆಯುವುದೇನು?

ಔಷಧಿ ಎಣ್ಣೆ ಕಾಯಿಸುವ ಸಾಂಪ್ರದಾಯಿಕ ವಿಧಾನವನ್ನು ಗಮನಿಸಿ. ಸಾಮಾನ್ಯ ನಿಯಮದಂತೆ ಅರೆದ ಮೂಲಿಕೆ 1 ಪಾಲು, ಎಣ್ಣೆ 4 ಪಾಲು, ನೀರು ಅಥವಾ ಕಷಾಯ 16 ಪಾಲು. ನೀರೆಲ್ಲ ಆರುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಎಣ್ಣೆಯಾದರೆ ಕೊನೆಯಲ್ಲಿ ನೊರೆ ಏಳಬೇಕು, ತುಪ್ಪವಾದರೆ ನೊರೆ ಅಡಗಬೇಕು. ಬಾಣಲೆಯ ಗಸಿಯನ್ನು ಬತ್ತಿಯಂತೆ ಹೊಸೆದು ಬೆಂಕಿಗೆ ಹಿಡಿದರೆ ಚಟಪಟ ಸದ್ದು ಬರಬಾರದು.

ಉಷ್ಣತಾಮಾಪಕ ಇಲ್ಲದ ಕಾಲದ ಈ ಪರೀಕ್ಷೆಗಳು ಅರ್ಥಪೂರ್ಣವಾಗಿವೆ. ನೀರು ಇರುವವರೆಗೆ ಮಿಶ್ರಣದ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಮೂಲಿಕೆ ಸೀದುಹೋಗುವುದಿಲ್ಲ. ನೀರು ಮುಗಿದೊಡನೆ ಉಷ್ಣತೆ ಏರತೊಡಗುತ್ತದೆ. ಸದ್ದು ನಿಂತಿತು ಎಂದರೆ ನೀರು ಮುಗಿಯಿತು, ಇನ್ನು ಇಳಿಸಬೇಕು ಎಂದು ಅರ್ಥ. ನೀರಿನಲ್ಲಿ ಕರಗದ ಮೂಲಿಕೆಯ ಅಂಶಗಳು ಅಷ್ಟರಲ್ಲಿ ಎಣ್ಣೆಗೆ ಇಳಿದಿರುತ್ತವೆ.

ಕಲ್ಕತ್ತೆಯ ಪ್ರಯೋಗ

ಈ ಬಾಣಲೆಯ ಜ್ಞಾನವನ್ನು ಪ್ರಯೋಗಶಾಲೆಗೆ ತಂದವನು ಐರ್ಲೆಂಡಿನ ವೈದ್ಯ ವಿಲಿಯಂ ಬ್ರೂಕ್ ಓಶಾನೆಸಿ. ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನಾಗಿ ಬಂದ ಈತ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕನಾಗಿದ್ದ. ಭಂಗಿ ಸೊಪ್ಪನ್ನು ತುಪ್ಪ ಮತ್ತು ನೀರಿನೊಂದಿಗೆ ಕಾಯಿಸಿ ಮಾಜೂಮು ಎಂಬ ಸಿಹಿಯನ್ನು ಮಾಡುವುದನ್ನು ಅವನು ವಿವರವಾಗಿ ಬರೆದಿಟ್ಟ. ನೀರು ಆರಿತೆಂಬುದನ್ನು ತುಪ್ಪದ ಚಟಪಟ ಸದ್ದಿನಿಂದ ತಿಳಿಯುತ್ತಿದ್ದರೆಂಬುದೂ ಅದರಲ್ಲಿದೆ.

ಓಶಾನೆಸಿ ಮೊದಲು ಪ್ರಾಣಿಗಳ ಮೇಲೆ, ಅನಂತರ ಸಂಧಿವಾತ, ಧನುರ್ವಾಯು, ಕಾಲರಾ ರೋಗಿಗಳ ಮೇಲೆ ಗಾಂಜಾ ಸಾರವನ್ನು ಪರೀಕ್ಷಿಸಿ 1839ರಲ್ಲಿ ವರದಿ ಮಂಡಿಸಿದ. ನೋವು, ಸೆಳೆತ ತಗ್ಗುವುದನ್ನು ಕಂಡ. ಸಂಧಿವಾತದ ಒಬ್ಬ ರೋಗಿ ಕೈಕಾಲು ಇಟ್ಟಂತೆಯೇ ಇರುವ ವಿಚಿತ್ರ ಸ್ಥಿತಿಗೆ ಹೋದದ್ದನ್ನೂ ಮುಚ್ಚಿಡದೆ ದಾಖಲಿಸಿದ. (ಮುಂದೆ ಭಾರತದಲ್ಲಿ ತಂತಿ ಸಂಪರ್ಕದ ಜಾಲವನ್ನು ಹರಡಿದವನೂ ಇವನೇ!) ಗಾಂಜಾ ಸಾರ ಲಂಡನ್ನಿಗೆ ಹೋಯಿತು, 1850ರಲ್ಲಿ ಅಮೆರಿಕದ ಅಧಿಕೃತ ಔಷಧಕೋಶವನ್ನೂ ಸೇರಿತು.

ಹಾಗಾದರೆ ಅದು ಮರೆಯಾದದ್ದೇಕೆ? ಕಾನೂನಿಗಿಂತ ಮೊದಲೇ ರಸಾಯನ ವಿಜ್ಞಾನ ಅಡ್ಡಬಂತು. ಅಫೀಮಿನಿಂದ ಮಾರ್ಫೀನ್ 19ನೆಯ ಶತಮಾನದ ಆದಿಯಲ್ಲೇ ಬೇರ್ಪಟ್ಟಿತ್ತು. ಅದರ ಲವಣ ನೀರಿನಲ್ಲಿ ಕರಗುತ್ತದೆ, ಆದ್ದರಿಂದ ಅಳೆದು ಸೂಜಿಮದ್ದಾಗಿ ಕೊಡಬಹುದು. ಗಾಂಜಾದ ಸಾರ ನೀರಿನಲ್ಲಿ ಕರಗದು. ಒಂದು ಸೀಸೆಯಂತೆ ಇನ್ನೊಂದು ಇರುತ್ತಿರಲಿಲ್ಲ. ಒಂದೇ ಪ್ರಮಾಣ ಒಬ್ಬರಿಗೆ ಸಪ್ಪೆ, ಇನ್ನೊಬ್ಬರಿಗೆ ಅಮಲು. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂದ ಮೇಲೆ ಅದಕ್ಕಿದ್ದ ಬೇಡಿಕೆ ಇನ್ನೂ ಕುಸಿಯಿತು. 1932ರಲ್ಲಿ ಬ್ರಿಟನ್, 1942ರಲ್ಲಿ ಅಮೆರಿಕ ಅದನ್ನು ತಮ್ಮ ಔಷಧಕೋಶಗಳಿಂದ ಕೈಬಿಟ್ಟವು.

ಈ ನಡುವೆ, 1893ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಭಾರತೀಯ ಸೆಣಬು ಮಾದಕ ಪದಾರ್ಥಗಳ ಆಯೋಗ 1193 ಸಾಕ್ಷಿಗಳನ್ನು ವಿಚಾರಿಸಿತು. ನಾಟಿ ವೈದ್ಯರು ಇದನ್ನು ಮನುಷ್ಯರಿಗೂ ದನಕರುಗಳಿಗೂ ಮದ್ದಾಗಿ ಬಳಸುತ್ತಿದ್ದುದು ಆ ವರದಿಯಲ್ಲಿ ಬರುತ್ತದೆ. ಮಿತ ಬಳಕೆಯಿಂದ ಸಾಮಾನ್ಯವಾಗಿ ಹೆಚ್ಚಿನ ಹಾನಿ ಕಾಣದು, ಅತಿಯಾದರೆ ಕೇಡು, ಪೂರ್ಣ ನಿಷೇಧ ಬೇಡ ಎಂದು 1894ರಲ್ಲಿ ಆಯೋಗ ಹೇಳಿತು.

ಆಣಿಯ ಮದ್ದಿನ ಪಾಠ

ಹಚ್ಚುವ ಮದ್ದಾಗಿಯೂ ಗಾಂಜಾ ಅಂಗಡಿಗೆ ಬಂದಿತ್ತು. ಕಾಲಿನ ಆಣಿಗೆ ಪಾಶ್ಚಾತ್ಯ ದೇಶಗಳಲ್ಲಿ ಮಾರುತ್ತಿದ್ದ ಹಸಿರು ದ್ರವದಲ್ಲಿ ಸ್ಯಾಲಿಸಿಲಿಕ್ ಆಮ್ಲವೂ ಗಾಂಜಾ ಸಾರವೂ ಇರುತ್ತಿದ್ದವು. ಆಣಿ ಮೆತ್ತಗಾಗುತ್ತಿತ್ತು. ಕೀರ್ತಿ ಯಾರಿಗೆ? ಚರ್ಮದ ಗಡಸು ಪದರವನ್ನು ಸಡಿಲಿಸುವುದು ಸ್ಯಾಲಿಸಿಲಿಕ್ ಆಮ್ಲ. ಗಾಂಜಾದಿಂದ ನಿಸ್ಸಂದೇಹವಾಗಿ ಬಂದದ್ದು ಹಸಿರು ಬಣ್ಣ! ಎರಡು ವಸ್ತುಗಳನ್ನು ಬೆರೆಸಿ ಕೊಟ್ಟಾಗ ಗುಣ ಯಾವುದರದೆಂದು ಹೇಳಲು ಒಂದೊಂದನ್ನೂ ಬೇರೆಯಾಗಿ ಪರೀಕ್ಷಿಸಲೇಬೇಕು.

ಮನೆಯ ಎಣ್ಣೆಗೂ ಈ ಮಾತು ಸಲ್ಲುತ್ತದೆ. ಬೆಚ್ಚಗಿನ ಎಣ್ಣೆಯಿಂದ ಸ್ನಾಯು ಸಡಿಲವಾಗುತ್ತದೆ. ಕರ್ಪೂರ, ನೀಲಗಿರಿ ಎಣ್ಣೆಗಳು ಚರ್ಮದ ನರತುದಿಗಳನ್ನು ಕೆಣಕಿ ಗಮನವನ್ನು ನೋವಿನಿಂದ ಬೇರೆಡೆಗೆ ಸೆಳೆಯುತ್ತವೆ. ತಿಕ್ಕುವುದರಿಂದಲೇ ನೋವು ತಗ್ಗುವುದಕ್ಕೆ 1965ರಲ್ಲಿ ಮೆಲ್‌ಝಾಕ್ ಮತ್ತು ವಾಲ್ ಮಂಡಿಸಿದ 'ಬಾಗಿಲು ಸಿದ್ಧಾಂತ' ಒಂದು ವಿವರಣೆ ಕೊಡುತ್ತದೆ. ಸ್ಪರ್ಶದ ಸಂಕೇತಗಳು ಮಿದುಳುಬಳ್ಳಿಯಲ್ಲಿ ನೋವಿನ ಸಂಕೇತಗಳಿಗೆ ತಡೆಯೊಡ್ಡುತ್ತವೆ ಎಂಬುದು ಅದರ ಸಾರ. ಬಿದ್ದ ಮಗುವಿನ ಮಂಡಿಯನ್ನು ಅಜ್ಜಿ ನೀವುವುದು ಇದಕ್ಕೇ. ಗಾಂಜಾ ಎಣ್ಣೆ ಹಚ್ಚಿ ಗುಣವಾಯಿತೆನ್ನುವವರು ಸುಳ್ಳು ಹೇಳುತ್ತಿಲ್ಲ. ಆದರೆ ಗುಣವಾದದ್ದು ಗಾಂಜಾದಿಂದಲೇ ಎಂದು ಅಷ್ಟರಿಂದ ಸಾಬೀತಾಗುವುದಿಲ್ಲ.

ಅಣು ಸಿಕ್ಕಿತು, ಪ್ರಶ್ನೆ ಉಳಿಯಿತು

1964ರಲ್ಲಿ ಇಸ್ರೇಲಿನ ಗಾವೊನಿ ಮತ್ತು ಮೆಖೂಲಮ್ ಅಮಲಿನ ಮುಖ್ಯ ಅಣುವಾದ ಟಿಎಚ್‌ಸಿಯನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಅದರ ಅಣುತೂಕ ಸುಮಾರು 314. ಹಸಿ ಗಿಡದಲ್ಲಿ ಇದು ಬಹುಪಾಲು ಆಮ್ಲರೂಪದಲ್ಲಿರುತ್ತದೆ, ಆಗ ಅಣುತೂಕ ಸುಮಾರು 358. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ (44) ಕಳಚಿಕೊಳ್ಳುತ್ತದೆ. ಲೆಕ್ಕ ಸರಿಹೋಯಿತಲ್ಲವೆ? ಸೊಪ್ಪನ್ನು ಕಾಯಿಸಿಯೇ ಬಳಸುತ್ತಿದ್ದುದರ ಹಿಂದಿನ ರಸಾಯನ ವಿಜ್ಞಾನ ಇದು. 1988ರಲ್ಲಿ ಈ ಅಣು ಕೂರುವ ಗ್ರಾಹಕ ಮಿದುಳಿನಲ್ಲಿ ಪತ್ತೆಯಾಯಿತು. 1992ರಲ್ಲಿ ಅದೇ ಗ್ರಾಹಕಕ್ಕೆ ಒಗ್ಗುವ, ನಮ್ಮ ದೇಹವೇ ತಯಾರಿಸುವ ಅಣು ಸಿಕ್ಕಿತು. ಸಂಸ್ಕೃತದ 'ಆನಂದ'ದಿಂದ ಅದಕ್ಕೆ ಅನಂದಮೈಡ್ ಎಂದು ಹೆಸರಿಟ್ಟರು.

ಆದರೆ ಹಚ್ಚಿದ್ದು ಮಂಡಿಯ ಒಳಗೆ ತಲುಪೀತೆ? ಚರ್ಮದ ಹೊರಪದರ ಹಾಳೆಗಿಂತ ತೆಳು, ಆದರೂ ಗಟ್ಟಿ ಕಾವಲು. ಟಿಎಚ್‌ಸಿ ಸಣ್ಣ ಅಣುವೇ, ಆದರೆ ಜಿಡ್ಡನ್ನು ಬಹಳ ಮೆಚ್ಚುವುದರಿಂದ ಹೊರಪದರದ ಮೇದಸ್ಸಿನಲ್ಲೇ ಬಹುಪಾಲು ತಂಗುತ್ತದೆ. ಅದರಾಚೆಯ ನೀರಿನಂಶದ ಪದರಗಳನ್ನು ದಾಟುವುದು ಕಷ್ಟ. ಹಚ್ಚುವ ಮದ್ದಿನ ಬಗ್ಗೆ ಮನುಷ್ಯರ ಮೇಲೆ ನಡೆದಿರುವ ಪರೀಕ್ಷೆಗಳು ಕೆಲವೇ, ಅವೂ ಚಿಕ್ಕವು. ಗಾಂಜಾ ಅಣುಗಳನ್ನು ನೋವಿನ ಸಾಮಾನ್ಯ ಚಿಕಿತ್ಸೆಯಾಗಿ ಅನುಮೋದಿಸುವಷ್ಟು ಪುರಾವೆ ಇಲ್ಲವೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಹೇಳಿತು.

ಕಾಯಿದೆ ಏನೆನ್ನುತ್ತದೆ?

1985ರ ಮಾದಕ ವಸ್ತುಗಳ ಕಾಯಿದೆ ಗಾಂಜಾ, ಚರಸ್ ಮತ್ತು ಅವುಗಳ ಮಿಶ್ರಣಗಳನ್ನು ನಿಷೇಧಿಸುತ್ತದೆ. ಗಾಂಜಾ ಹಾಕಿ ಕಾಯಿಸಿದ ಎಣ್ಣೆ ಎಣ್ಣೆಯೆಂಬ ಕಾರಣಕ್ಕೆ ಪಾರಾಗದು. ಪರವಾನಗಿ ಇಲ್ಲದೆ ಗಿಡ ಬೆಳೆದರೆ 10 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹೂತುದಿ ಇಲ್ಲದ ಎಲೆ, ಬೀಜಗಳು ಗಾಂಜಾದ ವ್ಯಾಖ್ಯೆಯಲ್ಲಿಲ್ಲ. ಭಂಗಿ ಈ ಕಾಯಿದೆಗೆ ಒಳಪಡದೆಂದು 2022ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಒಂದು ಜಾಮೀನು ಆದೇಶದಲ್ಲಿ ಹೇಳಿತು. ಆದರೂ ಎಲೆಯ ಮೇಲೆ ರಾಜ್ಯಗಳ ಅಬಕಾರಿ ಹಿಡಿತವುಂಟು. ಪರವಾನಗಿ ಪಡೆದ ಆಯುರ್ವೇದ ತಯಾರಕರ ವಿಜಯಾ ಔಷಧಿಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬಹುದು. ಮನೆಯ ಬಾಣಲೆಗೆ ಆ ಪರವಾನಗಿ ಇಲ್ಲ, ಅದರ ಎಣ್ಣೆಯಲ್ಲಿ ಯಾವ ಅಣು ಎಷ್ಟಿದೆಯೆಂದು ಅಳೆಯುವ ಸಾಧನವೂ ಇಲ್ಲ. ಓಶಾನೆಸಿಯ ಕಾಲದ ತೊಡಕು ಅಲ್ಲಿ ಹಾಗೆಯೇ ಉಳಿದಿದೆ. ಮಗುವೊಂದು ಆ ಸೀಸೆಯನ್ನು ಬಾಯಿಗಿಟ್ಟರೆ ಅಪಾಯ. ವಾಸಿಯಾಗದ ಮಂಡಿನೋವಿನ ಹಿಂದೆ ಬೇರೆ ಕಾಯಿಲೆ ಅಡಗಿದ್ದರೆ ಎಣ್ಣೆ ತಿಕ್ಕುತ್ತ ಕಳೆದ ತಿಂಗಳುಗಳೂ ನಷ್ಟವೇ.

ತರಗತಿಯಲ್ಲಿ ಮಾಡಿ ನೋಡಿ

ಈ ಚರಿತ್ರೆಯ ತಿರುಳನ್ನು ತೋರಿಸಲು ಗಾಂಜಾ ಬೇಕಿಲ್ಲ, ಗುಂಡ್ಲುಪೇಟೆಯ ಹೊಲದ ಅರಿಸಿನ ಸಾಕು. ಎರಡು ಪ್ರನಾಳಗಳಲ್ಲಿ ಸಮಪ್ರಮಾಣದಲ್ಲಿ ನೀರು ಮತ್ತು ಕೊಬ್ಬರಿ ಎಣ್ಣೆ ತೆಗೆದುಕೊಂಡು ಒಂದೊಂದು ಚಿಟಿಕೆ ಅರಿಸಿನ ಪುಡಿ ಹಾಕಿ. ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು, ಕಲಕಿ, ಸೋಸುಕಾಗದದಲ್ಲಿ ಸೋಸಿ. ಎಣ್ಣೆಯಲ್ಲಿ ಹಳದಿ ಉಳಿಯುತ್ತದೆ, ನೀರಿನಲ್ಲಿ ಹೆಚ್ಚು ಉಳಿಯದು. ಅರಿಸಿನದ ಕರ್ಕ್ಯುಮಿನ್ ಕೂಡ ನೀರಿಗಿಂತ ಜಿಡ್ಡಿಗೆ ಒಲಿಯುವ ಅಣು. ಅನಂತರ ಮಕ್ಕಳನ್ನು ಕೇಳಿ: ಎಣ್ಣೆಯಲ್ಲಿ ಬಣ್ಣ ಬಂದಿದೆ ಎಂದರೆ ಎಷ್ಟು ಬಂದಿದೆ? ಅದು ನೋವು ಕಳೆಯುತ್ತದೆಂದು ಇಷ್ಟರಿಂದ ಹೇಳಬಹುದೆ? ಆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಲು ಹೊರಟ ಮಗು ಎಣ್ಣೆಯ ಸೀಸೆಯನ್ನು ಕುರುಡಾಗಿ ನಂಬುವುದೂ ಇಲ್ಲ, ಅಜ್ಜಿಯ ಕೈಯ ನೀವಿಕೆಯನ್ನು ಹಗುರವಾಗಿ ಕಾಣುವುದೂ ಇಲ್ಲ.