ನೋವಿಗೆ ಒಳಗಿನ ಮದ್ದು

ಕೊಕ್ಕರ್ಣೆಯ ಕಡೆ ಕೊಯ್ಲಿನ ದಿನಗಳಲ್ಲಿ ಕತ್ತಿ ತಗಲಿ ಬೆರಳು ಕೊಯ್ದರೂ ಕೆಲಸದ ಭರದಲ್ಲಿ ಅದು ತಿಳಿಯದೆ ಹೋಗುವುದುಂಟು. ಸೂಡಿ ಕಟ್ಟುವಾಗ ನೆತ್ತರು ಕಂಡ ಮೇಲೆಯೇ ಉರಿ ಹತ್ತುತ್ತದೆ. ಹುಳವು ತೊಡೆಯನ್ನು ಕೊರೆದರೂ ಗುರುವಿನ ನಿದ್ದೆ ಕೆಡಬಾರದೆಂದು ಅಲುಗದೆ ಕುಳಿತ ಕರ್ಣನ ಕಥೆಯನ್ನು ತಾವು ಬಲ್ಲಿರಿ. ಎಚ್ಚರಗೊಂಡ ಪರಶುರಾಮನು ಆ ಸಹನೆಯನ್ನು ಕಂಡೇ ಶಿಷ್ಯನ ಕುಲವನ್ನು ಶಂಕಿಸಿದನು.

ಅಧ್ಯಾಪಕನಾದ ನಾನೂ ಒಮ್ಮೆ ಅಂಥದೇ ತೀರ್ಪು ಕೊಟ್ಟವನು. ಪಂದ್ಯದಲ್ಲಿ ಬಿದ್ದೆದ್ದು ಓಡಿ ಗುರಿ ಮುಟ್ಟಿದ ಹುಡುಗನೊಬ್ಬನು ಸಂಜೆಗೆ ಕಾಲು ಹಿಡಿದುಕೊಂಡು ಅಳತೊಡಗಿದನು. "ಓಡುವಾಗ ಇಲ್ಲದ ನೋವು ಈಗ ಎಲ್ಲಿಂದ ಬಂತೋ ಮಾರಾಯ?" ಎಂದು ಗದರಿಬಿಟ್ಟೆ. ಮೂಳೆ ಬಿರುಕು ಬಿಟ್ಟಿತ್ತು.

ಎರಡನೆಯ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನಿಗೆ ಇದೇ ಸೋಜಿಗ ಎದುರಾಯಿತು. ಇಟಲಿಯ ರಣರಂಗದಲ್ಲಿ ತೀವ್ರವಾಗಿ ಗಾಯಗೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಮಂದಿ ನೋವಿಗೆ ಮದ್ದು ಬೇಡವೆಂದರಂತೆ. ಹಾಗೆಂದು ಅವರ ನರಗಳೇನೂ ಸತ್ತಿರಲಿಲ್ಲ. ಸೂಜಿಯನ್ನು ಒರಟಾಗಿ ಚುಚ್ಚಿದರೆ ಎಲ್ಲರಂತೆಯೇ ಗೊಣಗುತ್ತಿದ್ದರು! ಬೀಚರ್ 1946ರಲ್ಲಿ ಇದನ್ನು ಬರೆದು ಪ್ರಕಟಿಸಿದನು.

ಉತ್ತರ ದೊರೆತದ್ದು ಅಫೀಮಿನ ದಾರಿಯಿಂದ. ಗಸಗಸೆ ಗಿಡದ ಹಾಲಿನಿಂದ ಬರುವ ಮಾರ್ಫಿನ್ ಕುಳಿತುಕೊಳ್ಳಲು ಮಿದುಳಿನಲ್ಲಿ ತಕ್ಕ ನೆಲೆಗಳಿವೆಯೆಂದು 1973ರಲ್ಲಿ ಗೊತ್ತಾಯಿತು. ಬೀಗವೇನೋ ಕಂಡಿತು. ಆದರೆ ಎಲ್ಲೋ ಬೆಳೆಯುವ ಗಿಡದ ಕೀಲಿಕೈಗಾಗಿ ನಮ್ಮ ತಲೆಯೊಳಗೆ ಬೀಗವೇಕೆ? ಮನೆಯೊಳಗೇ ಒಂದು ಕೀಲಿಕೈ ಇರಲೇಬೇಕಲ್ಲವೆ? ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜಾನ್ ಹ್ಯೂಸ್, ಹ್ಯಾನ್ಸ್ ಕಾಸ್ಟರ್ಲಿಟ್ಜ್ ಎಂಬಿಬ್ಬರು ಹಂದಿಗಳ ಮಿದುಳನ್ನು ಸೋಸಿ ಸೋಸಿ 1975ರಲ್ಲಿ ಅದನ್ನು ತೆಗೆದೇ ತೋರಿಸಿದರು. ಎನ್ಕೆಫಾಲಿನ್ ಎಂದು ಅದಕ್ಕೆ ಹೆಸರು. ತಲೆಯೊಳಗಿನದು ಎಂಬುದು ಆ ಗ್ರೀಕ್ ಶಬ್ದದ ಭಾವ. ಎಂಡಾರ್ಫಿನ್ ಮೊದಲಾದ ಬಂಧುಗಳೂ ಬಳಿಕ ಬೆಳಕಿಗೆ ಬಂದವು. ಅಪಾಯದ ಹೊತ್ತಿನಲ್ಲಿ ಮಿದುಳು ಬೆನ್ನುಹುರಿಗೆ ಅಪ್ಪಣೆ ಕಳುಹಿಸಿ ನೋವಿನ ಸುದ್ದಿಯನ್ನು ಅಲ್ಲಿಯೇ ತಗ್ಗಿಸಬಲ್ಲದು. ಆ ಕೆಲಸದಲ್ಲಿ ಈ ದ್ರವ್ಯಗಳ ಪಾಲುಂಟು.

1978ರಲ್ಲಿ ಮತ್ತೊಂದು ವಿಚಿತ್ರ ಕಂಡುಬಂತು. ದವಡೆಹಲ್ಲು ಕೀಳಿಸಿಕೊಂಡವರಿಗೆ ಹುಸಿಮದ್ದು ಕೊಟ್ಟಾಗ ಕೆಲವರ ನೋವು ತಗ್ಗಿತು. ಅಫೀಮಿನ ಗುಣವನ್ನು ತಡೆಯುವ ನಲಾಕ್ಸೋನನ್ನು ಅವರಿಗೆ ಕೊಟ್ಟೊಡನೆ ನೋವು ಮತ್ತೆ ಏರಿತು. ನಂಬಿಕೆಯಿಂದ ಬಂದ ಉಪಶಮನಕ್ಕೂ ಒಳಗಿನ ಮದ್ದಿನ ನಂಟಿದ್ದಿತು.

ಆದರೆ ಈ ಮದ್ದು ಗಾಯವನ್ನು ಮಾಯಿಸುವುದಿಲ್ಲ, ಸ್ವಲ್ಪ ಹೊತ್ತು ಮರೆಸುತ್ತದೆ, ಅಷ್ಟೆ. ಅಪಾಯ ಕಳೆದ ಮೇಲೆ ನೋವು ತಿರುಗಿ ಬಂದು ಕಾಲನ್ನು ನೆಲಕ್ಕೂರಗೊಡುವುದಿಲ್ಲ. ನಾನು ಇದನ್ನೆಲ್ಲ ಓದಿ ತಿಳಿಯುವಷ್ಟರಲ್ಲಿ ಆ ಹುಡುಗನು ಶಾಲೆ ಬಿಟ್ಟು ಬಹಳ ವರ್ಷಗಳಾಗಿದ್ದವು.